ಕಾಲಯಾನ: ವಿರೋಧವೋ, ವಿರೋಧಾಭಾಸವೋ?

ಶಾಲೆಯಲ್ಲಿ ಅಲಂಕಾರಗಳನ್ನು ಓದಿದವರಿಗೆ ವಿರೋಧಾಭಾಸವೆಂಬುದರ ನೆನಪು ಇನ್ನೂ ಇದ್ದೀತು. ‘ಈ ದೊರೆಗೆ ಕರವಿಲ್ಲ, ಆದರೂ ಎರಡು ಕೈಗಳಿಂದ ದಾನಮಾಡುತ್ತಾನೆ’ ಎಂದರೆ ಕೇಳಿದವರು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಕರವೆಂದರೆ ಕೈ. ಕೈಯಿಲ್ಲದವನು ಕೈಯಿಂದ ಕೊಡುವುದು ಹೇಗೆ? ಆದರೆ ಕರವೆಂದರೆ ಕಂದಾಯವೂ ಹೌದಷ್ಟೆ. ಆ ಎರಡನೆಯ ಅರ್ಥ ಹೊಳೆದೊಡನೆ ವಿರೋಧ ಕರಗಿಹೋಗುತ್ತದೆ. ಉಳಿಯುವುದು ವಿರೋಧದ ಆಭಾಸ ಮಾತ್ರ. ಎರಡನೆಯ ಅರ್ಥವೇ ಇಲ್ಲದಿದ್ದರೆ ಅದು ಅಲಂಕಾರವಲ್ಲ, ಬರಿಯ ಅಸಂಬದ್ಧ.

ಇಂದು ನಾನು ಹೇಳಹೊರಟಿರುವುದು ಕಾಲಯಾನದ ವಿಚಾರ. ಮನುಷ್ಯನು ಊರಿಂದೂರಿಗೆ ಹೋಗುವಂತೆ ನಿನ್ನೆಗೂ ನಾಳೆಗೂ ಹೋಗಿಬರಬಹುದೇ ಎಂಬ ಪ್ರಶ್ನೆ. ಹೋಗಬಹುದೆಂದರೆ ಹುಟ್ಟಿಕೊಳ್ಳುವ ತೊಡಕುಗಳನ್ನು ಇಂಗ್ಲಿಷಿನವರು ಪ್ಯಾರಡಾಕ್ಸ್ ಎನ್ನುತ್ತಾರೆ. ನಾವು ಅದನ್ನು ವಿರೋಧಾಭಾಸವೆಂದು ಕನ್ನಡಿಸಿಕೊಂಡಿದ್ದೇವೆ. ಈ ಅನುವಾದ ಸರಿಯೇ? ಅದು ನಿಜವಾಗಿ ಆಭಾಸವೋ, ಅಥವಾ ಎಂದೂ ಕರಗದ ಶುದ್ಧ ವಿರೋಧವೋ? ಕನ್ನಡ ಪಂಡಿತನಾದ ನನಗೆ ಇದು ಮೊದಲು ಶಬ್ದದ ಪ್ರಶ್ನೆಯಾಗಿಯೇ ಬಂದಿತು. ಉತ್ತರಕ್ಕೆ ಮಾತ್ರ ಭೌತಶಾಸ್ತ್ರದ ಬಾಗಿಲು ತಟ್ಟಬೇಕಾಯಿತು.

ನಾಳೆಗೆ ಹೋಗುವ ಮಾತು ಮೊದಲಿಗಿರಲಿ, ಅದು ಸುಲಭ. ಭಾಗವತದಲ್ಲಿ ಕಕುದ್ಮಿಯ ಕಥೆ ಇದೆ. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಈ ದೊರೆ ಮಗಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಗಾನ ನಡೆದಿತ್ತು; ಮುಗಿಯಲೆಂದು ಸ್ವಲ್ಪ ಹೊತ್ತು ಕಾದ. ಆಮೇಲೆ ತನ್ನ ಮನಸ್ಸಿನಲ್ಲಿದ್ದ ವರಗಳ ಹೆಸರು ಹೇಳಲು ಬ್ರಹ್ಮ ನಕ್ಕುಬಿಟ್ಟ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿದ್ದವು. ಆ ವರಗಳಿರಲಿ, ಅವರ ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. ಐನ್‌ಸ್ಟೈನ್ ಹೇಳಿದ್ದು ನಮ್ಮ ಪುರಾಣದಲ್ಲೇ ಇತ್ತೆಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಆ ಪಂಕ್ತಿಯಲ್ಲಿ ಕೂರುವವನು ನಾನಲ್ಲ. ಕಥೆ ಕಥೆಯೇ, ಗಣಿತ ಗಣಿತವೇ. ಆದರೆ ಕಥೆ ಕಟ್ಟಿದವರ ಒಂದು ಸೂಕ್ಷ್ಮವನ್ನು ನೋಡಿ. ಬ್ರಹ್ಮನು ಕಕುದ್ಮಿಗೆ ‘ಬಲರಾಮನಿಗೆ ಮಗಳನ್ನು ಕೊಡು’ ಎಂದನೇ ಹೊರತು, ಅವನನ್ನು ಅವನ ಕಾಲಕ್ಕೆ ಹಿಂದಿರುಗಿಸಲಿಲ್ಲ.

ಇನ್ನು ಗಣಿತದ ಕಡೆ. 1905ರಲ್ಲಿ ಐನ್‌ಸ್ಟೈನ್ ತೋರಿಸಿದ್ದು ಇಷ್ಟು: ವೇಗವಾಗಿ ಚಲಿಸುವ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನವಾಗಿ ನಡೆಯುತ್ತದೆ. ಇದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ ಸಿಕ್ಕುತ್ತದೆ. ಆಕಾಶದಿಂದ ಬರುವ ವಿಶ್ವಕಿರಣಗಳು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಗೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಮ್ಯೂಆನ್ ಅಲ್ಪಾಯುಷಿ. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರ ಸರಾಸರಿ ಆಯುಸ್ಸು 2.2 ಪಾಲು. ಅಷ್ಟರಲ್ಲಿ ಬೆಳಕೇ 660 ಮೀಟರ್ ದಾಟಲಾರದು. ಹಾಗಿದ್ದರೆ ಈ ಕಣಗಳು ಆಕಾಶದಲ್ಲೇ ಮುಗಿದುಹೋಗಬೇಕಿತ್ತು. ಮುಗಿಯುವುದಿಲ್ಲ. ನೀವು ಈಗ ಅಂಗೈಯನ್ನು ಚಾಚಿದರೆ ಸೆಕೆಂಡಿಗೆ ಒಂದರಂತೆ ಅದರ ಮೂಲಕ ಹಾದುಹೋಗುತ್ತಿವೆ. ವೇಗದ ದೆಸೆಯಿಂದ ಅವುಗಳ ಗಡಿಯಾರ ನಿಧಾನವಾಗಿದೆ. ಅವುಗಳ ಒಂದು ಗಳಿಗೆ ನಮ್ಮ ಹಲವು ಗಳಿಗೆ.

ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಎಂಬವರು ಹೋಮಿ ಭಾಭಾ ಅವರ ಪ್ರೇರಣೆಯಿಂದ 1950ರ ದಶಕದ ಆರಂಭದಲ್ಲಿ ಕೋಲಾರದ ಗಣಿಗಳಿಗೆ ಇಳಿದು, ಬೇರೆ ಬೇರೆ ಆಳಗಳಲ್ಲಿ ಈ ಮ್ಯೂಆನ್‌ಗಳನ್ನು ಎಣಿಸಿದರು. ಚಿನ್ನಕ್ಕಾಗಿ ತೋಡಿದ ಗುಂಡಿ ಕಾಲದ ಪರೀಕ್ಷೆಗೆ ಒದಗಿತು! ಬಂಡೆಯನ್ನು ಕಿಲೋಮೀಟರುಗಟ್ಟಲೆ ಸೀಳಿಕೊಂಡು ಇಳಿಯುವ ಮ್ಯೂಆನ್‌ಗಳ ಕಾಲ ಸಾವಿರಾರು ಪಟ್ಟು ಹಿಗ್ಗಿರುತ್ತದೆ. ತೀರ ಆಳದಲ್ಲಿ ಅವು ಬಹಳ ವಿರಳವಾದುದರಿಂದಲೇ, 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಇನ್ನೂ ನವಿರಾದ ಕಣದ ಸುಳಿವನ್ನು ಹಿಡಿಯಲು ಸಾಧ್ಯವಾಯಿತು. ಗಣಿ 2001ರಲ್ಲಿ ಮುಚ್ಚಿತು.

ಆದುದರಿಂದ ನಾಳೆಗೆ ಬೇಗ ಹೋಗುವುದು ಪ್ರಕೃತಿಯಲ್ಲಿ ದಿನನಿತ್ಯದ ವ್ಯವಹಾರ. ನಿಮ್ಮ ಕೈಯ ಮೊಬೈಲ್ ಫೋನಿಗೆ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳೂ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು ನಮ್ಮವುಗಳಿಗಿಂತ ಮುಂದೋಡುತ್ತವೆ. ಆ ಎತ್ತರದಲ್ಲಿ ಭೂಮಿಯ ಸೆಳೆತ ಕಡಮೆಯೆಂಬುದು ಮುಖ್ಯ ಕಾರಣ. ಅದನ್ನು ಸರಿಪಡಿಸದಿದ್ದರೆ ಸೇಡಂ ತೋರಿಸಬೇಕಾದ ಯಂತ್ರ ಕೆಲವೇ ದಿನಗಳಲ್ಲಿ ಬೇರೊಂದು ಊರನ್ನೇ ತೋರಿಸೀತು. ಈ ಯಾನದಲ್ಲಿ ವಿರೋಧವೂ ಇಲ್ಲ, ಆಭಾಸವೂ ಇಲ್ಲ.

ತೊಡಕಿರುವುದು ನಿನ್ನೆಯಲ್ಲಿ. ನಿನ್ನೆಯನ್ನು ನೋಡುವುದು ಬೇರೆ, ನಿನ್ನೆಗೆ ಹೋಗುವುದು ಬೇರೆ. ನೋಡುವುದು ಎಲ್ಲರಿಗೂ ಸಾಧ್ಯ. ನಮ್ಮ ಕೊಡ್ಲಿಯ ಕತ್ತಲೆಯ ರಾತ್ರಿಯಲ್ಲಿ ಕಾಣುವ ಕೃತ್ತಿಕೆಯ ಬೆಳಕು ಹೊರಟು ಸುಮಾರು 440 ವರ್ಷವಾಯಿತು. ರೇಡಿಯೋದ ದನಿಯೂ ಐವತ್ತು ಕಿಲೋಮೀಟರ್ ಹಾದುಬರುವಷ್ಟರಲ್ಲಿ ಸೆಕೆಂಡಿನ ಆರು ಸಾವಿರದಲ್ಲೊಂದು ಪಾಲು ಹಳತಾಗಿರುತ್ತದೆ. ಶಹಾಬಾದಿನ ಹಾಸುಗಲ್ಲನ್ನು ಮನೆಗೆ ಹಾಸಿಕೊಂಡವರು ಪ್ರಾಣಿಗಳು ನೆಲದ ಮೇಲೆ ಓಡಾಡುವ ಮುಂಚಿನ ಕಡಲತಳದ ಕೆಸರಿನ ಮೇಲೆಯೇ ದಿನವೂ ಎಲೆ ಹಾಕಿಕೊಂಡು ಉಣ್ಣುತ್ತಾರೆ. ಇವೆಲ್ಲ ಹಿಂದಿನದು ನಮ್ಮ ಬಳಿಗೆ ಬಂದದ್ದಾಯಿತು. ನಾವು ಅದರ ಬಳಿಗೆ ಹೋದದ್ದಲ್ಲ.

ಹೋಗುವ ದಾರಿ ಇರಬಹುದೆಂದು ಮೊದಲು ಗಣಿತದಲ್ಲಿ ಬಿಡಿಸಿ ತೋರಿಸಿದವರಲ್ಲಿ ಹೆಸರಾದವನು ಕುರ್ಟ್ ಗೋಡೆಲ್ ಎಂಬ ತರ್ಕಶಾಸ್ತ್ರಜ್ಞ. 1949ರಲ್ಲಿ, ಐನ್‌ಸ್ಟೈನರಿಗೆ ಎಪ್ಪತ್ತು ತುಂಬಿದ ವರ್ಷ, ಅವರದೇ ಸಮೀಕರಣಗಳಿಂದ ಗೋಡೆಲ್ ಒಂದು ವಿಚಿತ್ರ ವಿಶ್ವವನ್ನು ಕಟ್ಟಿದ. ಇಡಿಯ ವಿಶ್ವವೇ ಸುತ್ತುತ್ತಿರುತ್ತದೆ. ಅದರಲ್ಲಿ ಮುಂದೆ ಮುಂದೆ ನಡೆದವನು ಹೊರಟ ಗಳಿಗೆಗೇ ಬಂದು ಸೇರಬಹುದು. ನಮ್ಮ ವಿಶ್ವ ಹಾಗೆ ಸುತ್ತುತ್ತಿರುವುದಕ್ಕೆ ಸಾಕ್ಷಿಯಿಲ್ಲ. 1988ರಲ್ಲಿ ಕಿಪ್ ಥಾರ್ನ್ ಮತ್ತು ಅವರ ಸಂಗಡಿಗರು, ಆಕಾಶದಲ್ಲಿ ಹುಳು ಕೊರೆದ ರಂಧ್ರದಂಥ ಸುರಂಗವೊಂದು ಇರುವುದಾದರೆ ಅದನ್ನು ನಿನ್ನೆಯ ಬಾಗಿಲಾಗಿ ಮಾಡಿಕೊಳ್ಳಬಹುದೆಂದು ಲೆಕ್ಕ ಹಾಕಿದರು. ಅಂಥ ಸುರಂಗವನ್ನು ಯಾರೂ ಕಂಡಿಲ್ಲ. ಆದರೆ ‘ಕಂಡಿಲ್ಲ’ ಎಂಬುದೂ ‘ಸಲ್ಲದು’ ಎಂಬುದೂ ಒಂದೇ ಅಲ್ಲ. ತರ್ಕವು ಅಲ್ಲಿಂದ ಮುಂದಕ್ಕೆ ಹೋಗುತ್ತದೆ.

ನಿನ್ನೆಗೆ ಹೋದವನು ಅಲ್ಲಿ ಏನು ಮಾಡಬಲ್ಲ? ಪಾಶ್ಚಾತ್ಯರ ಪುಸ್ತಕಗಳಲ್ಲಿ ಇದಕ್ಕೆ ಅಜ್ಜನನ್ನು ಕೊಲ್ಲುವ ಉದಾಹರಣೆಯನ್ನೇ ಕೊಡುತ್ತಾರೆ. ಮೊಮ್ಮಗ ಹಿಂದಕ್ಕೆ ಹೋಗಿ, ಮದುವೆಗೆ ಮುಂಚೆಯೇ ಅಜ್ಜನನ್ನು ಕೊಂದರೆ, ಮೊಮ್ಮಗನೇ ಹುಟ್ಟುವುದಿಲ್ಲ. ಹುಟ್ಟದವನು ಕೊಲ್ಲುವುದು ಹೇಗೆ? ತರ್ಕ ಸರಿಯೇ. ಆದರೆ ಆ ಕಾಲಯಂತ್ರ ಸಿಕ್ಕೊಡನೆ ಅಜ್ಜನ ಕೊರಳಿಗೆ ಕೈ ಹಾಕುವ ಮೊಮ್ಮಗನನ್ನು ನಾನು ಎಲ್ಲಿಯೂ ಕಂಡಿಲ್ಲ. ಜನ ನಿನ್ನೆಗೆ ಹೋಗಬಯಸುವುದು ಬೇರೆ ಕಾರಣಕ್ಕೆ. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಕಕುದ್ಮಿಯ ಕಥೆ ಹೇಳಿ ಮುಗಿಸಿದಾಗ ಒಬ್ಬ ಹುಡುಗ ಗಂಟೆ ಹೊಡೆದ ಮೇಲೂ ನಿಂತ. ಹಿಂದಿನ ವರ್ಷ ಅವನ ತಂದೆ ಕಲ್ಲಿನ ಖಣಿಯಲ್ಲಿ ಬಂಡೆ ಜರುಗಿ ತೀರಿಕೊಂಡಿದ್ದರು.

“ಸರ್ರ, ಮುಂದ ಹೋಗ್ಲಾಕ ಬರ್ತದಂದ್ರ ಹಿಂದಕ ಹೋಗ್ಲಾಕೂ ಬರ್ತದೇನ್ರಿ? ನಮ್ಮಪ್ಪಗ ಅವತ್ತ ಖಣಿಗಿ ಹೋಗಬ್ಯಾಡ ಅಂತ ಹೇಳ್ಬೇಕಾಗ್ಯಾದ.”

ಈ ಒಂದು ಮಾತಿನಲ್ಲಿ ಇಡಿಯ ತೊಡಕು ಅಡಗಿದೆ. ಹುಡುಗ ಹೋಗಿ ತಂದೆಯನ್ನು ತಡೆದ ಎನ್ನೋಣ. ತಂದೆ ಬದುಕಿದರು. ಬದುಕಿದ ತಂದೆಯ ಮಗನಿಗೆ ಹಿಂದಕ್ಕೆ ಹೋಗುವ ಕಾರಣವೇ ಇಲ್ಲ, ಅವನು ಹೋಗುವುದಿಲ್ಲ. ಹೋಗದಿದ್ದರೆ ತಂದೆಯನ್ನು ತಡೆದವರಾರು? ತಂದೆ ಖಣಿಗೆ ಹೋದರು. ಆಗ ಮಗ ಹೊರಡಬೇಕು. ಹೀಗೆ ‘ಹೋದರೆ ಹೋಗಲಿಲ್ಲ, ಹೋಗದಿದ್ದರೆ ಹೋದ’ ಎಂಬ ಚಕ್ರ.

ರಷ್ಯದ ವಿಜ್ಞಾನಿ ನೋವಿಕೋವ್ ಇದಕ್ಕೊಂದು ಕಟ್ಟುನಿಟ್ಟಿನ ಉತ್ತರ ಕೊಟ್ಟರು. ಹಿಂದಕ್ಕೆ ಹೋಗಬಹುದು, ಆದರೆ ಆದದ್ದನ್ನು ಬದಲಿಸಲಾಗದು. ಹೋದವನ ಕೃತ್ಯವೂ ಆಗಲೇ ಆದ ಕಥೆಯ ಭಾಗವಾಗಿಯೇ ಇರುತ್ತದೆ. ಎಂದರೆ, ಮಗ ಓಡಿಬಂದು ‘ಅಪ್ಪಾ’ ಎಂದು ಕೂಗಿದ್ದಕ್ಕೇ ತಂದೆ ಒಂದು ಗಳಿಗೆ ಅಲ್ಲಿ ನಿಂತರು, ಆ ಗಳಿಗೆಯಲ್ಲೇ ಬಂಡೆ ಜರುಗಿತು ಎಂದೂ ಆಗಬಹುದು. ತರ್ಕಕ್ಕೆ ಕುಂದಿಲ್ಲ. ನಾನಂತೂ ಇದನ್ನು ಆ ಹುಡುಗನಿಗೆ ಹೇಳಲಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಮೆತ್ತಗಿನದು, ಪಂಡಿತರಿಗೆ ಪ್ರಿಯವಾದದ್ದು. ಕಾಗಿಣಾ ದಂಡೆಯ ಮಳಖೇಡ ನಮ್ಮ ಸೇಡಂ ಭಾಗದ್ದೇ. ರಾಷ್ಟ್ರಕೂಟರ ಮಾನ್ಯಖೇಟವೇ ಅದು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಕೆ. ಬಿ. ಪಾಠಕರು ಅದನ್ನು 1898ರಲ್ಲಿ ಅಚ್ಚು ಹಾಕಿಸಿದರು. ಆ ಅಚ್ಚಿನ ಪ್ರತಿಯೊಂದನ್ನು ಯಾರೋ ಕಾಲಯಾನ ಮಾಡಿ ಶ್ರೀವಿಜಯನಿಗೆ ಕೊಟ್ಟರೆಂದು ಊಹಿಸಿ. ಅವನು ಓಲೆಗರಿಯಲ್ಲಿ ಅದನ್ನೇ ಅಕ್ಷರಶಃ ಇಳಿಸಿದ. ಆ ಓಲೆಯ ಪ್ರತಿಯಿಂದ ಪ್ರತಿಯಾಗಿ ಬಂದದ್ದೇ ಪಾಠಕರ ಕೈಗೆ ಸಿಕ್ಕಿತು. ಹಾಗಾದರೆ ಗ್ರಂಥವನ್ನು ರಚಿಸಿದವರಾರು? ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ವಿದ್ವಾಂಸರು ಬಹುಕಾಲ ವಾದಿಸಿದರು. ಇಲ್ಲಿ ಮೂರನೆಯ ಪಕ್ಷವೊಂದು ಎದ್ದು ‘ಯಾರೂ ಅಲ್ಲ’ ಎನ್ನುತ್ತದೆ! ಇಲ್ಲಿ ಅಸಂಬದ್ಧವೇನೂ ನಡೆಯಲಿಲ್ಲ, ಯಾರೂ ಸಾಯಲಿಲ್ಲ. ಆದರೂ ದುಡಿಮೆಯಿಲ್ಲದೆ ವಿದ್ಯೆ ಹುಟ್ಟಿತೆಂಬುದನ್ನು ಮನಸ್ಸು ಒಪ್ಪುವುದಿಲ್ಲ.

ಈಗ ಕ್ವಾಂಟಂ ಶಾಸ್ತ್ರದ ಪ್ರವೇಶ. ಅದೇ ಮಾನ್ಯಖೇಟದ ಕಾಲದ ಇನ್ನೊಬ್ಬ ವಿದ್ವಾಂಸನನ್ನು ಇಲ್ಲಿ ನೆನೆಯಬೇಕು. ಅಮೋಘವರ್ಷನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯ, ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ. ಅವನಿಗೆ ತಿಳಿದಿದ್ದ ಸಂಖ್ಯೆಗಳ ನಡುವೆ ಅದು ಸತ್ಯ. ಯೂರೋಪಿನ ಗಣಿತಜ್ಞರು ಹದಿನಾರನೆಯ ಶತಮಾನದಿಂದ ಸಂಖ್ಯೆಗಳ ಸಂಸಾರವನ್ನೇ ಹಿಗ್ಗಿಸಿ ಆ ವರ್ಗಮೂಲಕ್ಕೆ ಮನೆ ಕಟ್ಟಿಕೊಟ್ಟರು. 1926ರ ಶ್ರೋಡಿಂಗರನ ಕ್ವಾಂಟಂ ಸಮೀಕರಣದಲ್ಲಿ ಋಣ ಒಂದರ ವರ್ಗಮೂಲ ಕಣ್ಣೆದುರಿಗೇ ಕುಳಿತಿದೆ. ಒಂದು ಅಂಗಳದಲ್ಲಿ ಉತ್ತರವಿಲ್ಲದ ಪ್ರಶ್ನೆಗೆ ದೊಡ್ಡ ಅಂಗಳದಲ್ಲಿ ಉತ್ತರ ದೊರೆಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚ್ 1991ರಲ್ಲಿ ಕಾಲದ ಚಕ್ರಕ್ಕೆ ಇಂಥದೇ ದೊಡ್ಡ ಅಂಗಳವನ್ನು ಒದಗಿಸಿದರು. ಅವರ ಯುಕ್ತಿಯನ್ನು ಹೀಗೆ ತಿಳಿಯಬಹುದು. ಒಂದು ಚೀಟಿಯಲ್ಲಿ ‘ಹೌದು’ ಅಥವಾ ‘ಅಲ್ಲ’ ಎಂದು ಬರೆದಿದೆ. ಅದು ಕಾಲದ ಚಕ್ರವನ್ನು ಸುತ್ತಿಬರುವಾಗ ಹೌದು ಅಲ್ಲವಾಗಿ, ಅಲ್ಲ ಹೌದಾಗಿ ಬದಲಾಗಬೇಕು. ಆದರೂ ಹೊರಟಾಗ ಇದ್ದದ್ದೇ ಬಂದಾಗಲೂ ಇರಬೇಕು. ಒಂದು ಚೀಟಿಗೆ ಇದು ಅಸಾಧ್ಯ. ಆದರೆ ಅರ್ಧ ಚೀಟಿಗಳಲ್ಲಿ ಹೌದು, ಇನ್ನರ್ಧದಲ್ಲಿ ಅಲ್ಲ ಎಂದಿದ್ದರೆ? ಎಲ್ಲವನ್ನೂ ತಿರುಗಿಸಿದರೂ ಅರ್ಧ ಹೌದು, ಅರ್ಧ ಅಲ್ಲ. ಗುಂಪು ಇದ್ದಂತೆಯೇ ಇದೆ. ದೊಡ್ಡ ವಸ್ತುಗಳ ಲೋಕದಲ್ಲಿ ವಸ್ತು ಒಂದೇ ಸ್ಥಿತಿಯಲ್ಲಿರಬೇಕು. ಕ್ವಾಂಟಂ ಲೋಕದಲ್ಲಿ ಕಣವೊಂದು ಹೀಗೆ ಎರಡರ ಹದಬೆರಕೆಯಲ್ಲಿರಬಹುದು. ಕಾಲದ ಯಾವ ಚಕ್ರಕ್ಕೂ ಇಂಥ ಸುಸಂಗತ ಸ್ಥಿತಿ ಒಂದಾದರೂ ಇದ್ದೇ ಇರುತ್ತದೆಂದು ಡಾಯ್ಚ್ ಸಾಧಿಸಿದರು.

ಇದು ಬರಿಯ ಕಾಗದದ ಮಾತೆನ್ನಬೇಡಿ. ಕಣವು ನೋಡುವ ಮೊದಲೂ ಯಾವುದಾದರೊಂದು ನಿಶ್ಚಿತ ಸ್ಥಿತಿಯಲ್ಲಿ ಇದ್ದೇ ಇರುತ್ತದೆ, ಕದಲಿಸದೆ ನೋಡಲೂಬಹುದು ಎಂಬ ನಮ್ಮ ಸಹಜ ನಂಬಿಕೆಯನ್ನು ಪರೀಕ್ಷಿಸಲು 1985ರಲ್ಲಿ ಲೆಗೆಟ್ ಮತ್ತು ಗರ್ಗ್ ಒಂದು ಒರೆಗಲ್ಲನ್ನು ಕೊಟ್ಟಿದ್ದರು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ಬಳಗ ಬೆಳಕಿನ ಕಣಗಳನ್ನು ಒಂದೊಂದಾಗಿ ಕಳಿಸಿ, ಪ್ರಯೋಗದ ಸಂದುಗಳನ್ನು ಮುಚ್ಚಿ, ಆ ಒರೆಗಲ್ಲಿಗೆ ಉಜ್ಜಿ ನೋಡಿತು. 2022ರಲ್ಲಿ ಪ್ರಕಟವಾದ ಫಲ ಇದು: ಸಹಜ ನಂಬಿಕೆ ನಿಲ್ಲಲಿಲ್ಲ, ಕ್ವಾಂಟಂ ಶಾಸ್ತ್ರ ನಿಂತಿತು.

ಆದರೆ ಮನುಷ್ಯನ ವಿಷಯಕ್ಕೆ ಬಂದರೆ ‘ಅರ್ಧ ಹೋದ, ಅರ್ಧ ಹೋಗಲಿಲ್ಲ’ ಎಂಬುದಕ್ಕೆ ಅರ್ಥವೇನು? ಡಾಯ್ಚ್ ಇಲ್ಲಿ 1957ರಲ್ಲಿ ಹ್ಯೂ ಎವರೆಟ್ ಹೂಡಿದ ಬಹುಲೋಕಗಳ ವಾದವನ್ನು ಹಿಡಿಯುತ್ತಾರೆ. ಆಗಬಹುದಾದುದೆಲ್ಲ ಒಂದೊಂದು ಲೋಕದಲ್ಲಿ ಆಗುತ್ತಿರುತ್ತದೆ. ನಿನ್ನೆಗೆ ಹೊರಟವನು ತನ್ನ ಲೋಕದ ನಿನ್ನೆಗಲ್ಲ, ಪಕ್ಕದ ಲೋಕದ ನಿನ್ನೆಗೆ ತಲಪುತ್ತಾನೆ. ಶ್ರೀವಿಜಯನ ಪ್ರಶ್ನೆ ಇಲ್ಲಿ ಸುಂದರವಾಗಿ ಬಗೆಹರಿಯುತ್ತದೆ: ಒಂದು ಲೋಕದ ಶ್ರೀವಿಜಯ ಬೆವರು ಸುರಿಸಿ ಗ್ರಂಥ ಬರೆದ, ಇನ್ನೊಂದು ಲೋಕದ ಶ್ರೀವಿಜಯ ಅದನ್ನು ನಕಲು ಮಾಡಿದ. ದುಡಿಮೆ ಎಲ್ಲಿಯೋ ನಡೆದಿದೆ.

ಹುಡುಗನ ಪ್ರಶ್ನೆಯೂ ತರ್ಕದಲ್ಲಿ ಬಗೆಹರಿಯಿತು. ಅವನು ಹೋದ, ಅಲ್ಲಿಯ ತಂದೆಯನ್ನು ತಡೆದ, ಅವರು ಬದುಕಿದರು; ಇಲ್ಲಿಯ ತಂದೆ ತೀರಿಕೊಂಡದ್ದೂ ನಿಜವಾಗಿಯೇ ಉಳಿಯಿತು. ಎಲ್ಲಿಯೂ ವಿರೋಧವಿಲ್ಲ. ಏಕೆ ಇಲ್ಲ? ‘ಅಪ್ಪ’ ಎಂಬ ಶಬ್ದಕ್ಕೆ ಎರಡನೆಯ ಅರ್ಥ ಬಂದದ್ದರಿಂದ! ‘ಕರ’ ಶಬ್ದಕ್ಕೆ ಆದದ್ದೇ ಇಲ್ಲಿಯೂ ಆಯಿತು. ಆಲಂಕಾರಿಕರ ಲಕ್ಷಣ ಪೂರ್ತಿ ಹೊಂದಿತು. ಡಾಯ್ಚರ ಕೈಯಲ್ಲಿ ಪ್ಯಾರಡಾಕ್ಸ್ ನಿಜಕ್ಕೂ ವಿರೋಧಾಭಾಸವೇ.

ಇಷ್ಟನ್ನು ನಾನು ಒಂದು ಸಂಜೆ ಆ ಹುಡುಗನಿಗೆ ಚೀಟಿಗಳನ್ನು ಮಾಡಿಯೇ ತೋರಿಸಿದೆ. ಅವನು ಚೀಟಿಗಳನ್ನು ತಿರುವಿಹಾಕುತ್ತ ಬಹಳ ಹೊತ್ತು ಕುಳಿತಿದ್ದು, “ಹಂಗಾದ್ರ ಅಲ್ಲಿ ಅಪ್ಪ ಇರ್ತಾನ್ರಿ. ಆದ್ರ ನಾ ಅಲ್ಲಿಗಿ ಹೋದ್ರ, ಇಲ್ಲಿ ಅವ್ವನ ಹಂತ್ಯಾಕ ಯಾರಿರ್ತಾರ್ರಿ?” ಎಂದ.

ಈ ಲೆಕ್ಕ ಪುಸ್ತಕಗಳಲ್ಲಿ ಇಷ್ಟು ಬಿಡಿಯಾಗಿ ಕಾಣುವುದಿಲ್ಲ. ಹೋದವನು ಈ ಲೋಕದ ಪಾಲಿಗೆ ಕಾಣೆಯಾದವನು; ಇಲ್ಲಿಯ ಮನೆಯಲ್ಲಿ ಒಬ್ಬರ ಬದಲು ಇಬ್ಬರಿಲ್ಲ. ಅಲ್ಲಿಯ ಮನೆಯಲ್ಲಿ ಆಗಲೇ ಒಬ್ಬ ಮಗನಿದ್ದಾನೆ, ಅವನಿಗೆ ತಂದೆ ಉಳಿದದ್ದರ ಬೆಲೆಯೂ ಗೊತ್ತಿಲ್ಲ. ನನ್ನ ಅಭಿಪ್ರಾಯದಲ್ಲಿ ಡಾಯ್ಚರು ತರ್ಕದ ಸಾಲವನ್ನು ಪೂರ್ತಿ ತೀರಿಸಿದ್ದಾರೆ. ಹುಡುಗ ಕೇಳಿದ್ದನ್ನು ಮಾತ್ರ ಕೊಟ್ಟಿಲ್ಲ.

ಕ್ವಾಂಟಂ ಪಂಡಿತರೆಲ್ಲ ಡಾಯ್ಚರ ಮತದವರಲ್ಲ. ಸೆತ್ ಲಾಯ್ಡ್ ಮತ್ತು ಸಂಗಡಿಗರದು ಬೇರೆ ದಾರಿ. ಅವರಲ್ಲಿ ಲೋಕ ಒಂದೇ. ಆದರೆ ವಿರೋಧಕ್ಕೆ ದಾರಿಮಾಡುವ ಘಟನೆಗಳ ಸಂಭವ ಸೊನ್ನೆಯಾಗುತ್ತದೆ. ಬಂದೂಕು ಹಾರುವುದಿಲ್ಲ, ಬಸ್ಸು ತಪ್ಪುತ್ತದೆ, ಕೂಗು ಕೇಳಿಸುವುದಿಲ್ಲ. 2011ರಲ್ಲಿ ಅವರು ಬೆಳಕಿನ ಕಣವೊಂದು ತನ್ನ ಹಿಂದಿನ ರೂಪವನ್ನೇ ‘ಕೊಲ್ಲಲು’ ಯತ್ನಿಸುವಂತೆ ಪ್ರಯೋಗದ ಅಣಕು ಹೂಡಿದಾಗ, ಗೆದ್ದ ಸರದಿಗಳಲ್ಲೆಲ್ಲ ಗುಂಡು ಗುರಿ ತಪ್ಪಿತ್ತು. 2014ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು ಡಾಯ್ಚರ ಚಕ್ರವನ್ನೂ ಹೀಗೆಯೇ ಬೆಳಕಿನ ಕಣಗಳಿಂದ ಅಭಿನಯಿಸಿದರು. ಅಭಿನಯವೆಂಬುದನ್ನು ಮರೆಯಬಾರದು, ಯಾವ ಕಣವೂ ನಿಜವಾಗಿ ನಿನ್ನೆಗೆ ಹೋಗಲಿಲ್ಲ. ಪತ್ರಿಕೆಯ ತಲೆಬರಹಗಳು ಬೇರೆ ಹೇಳಿದರೆ ನಂಬಬೇಡಿ.

ಸ್ಟೀಫನ್ ಹಾಕಿಂಗ್ ಇದನ್ನೆಲ್ಲ ಒಪ್ಪಿದವರಲ್ಲ. ನಿನ್ನೆಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಕ್ವಾಂಟಂ ತಳಮಳವೇ ಉಕ್ಕಿ ಅದನ್ನು ಮುರಿದುಹಾಕುತ್ತದೆ ಎಂದು 1992ರಲ್ಲಿ ಊಹಿಸಿದರು. ಎಂದರೆ ಅದೇ ಕ್ವಾಂಟಂ ಶಾಸ್ತ್ರ ಒಬ್ಬರಿಗೆ ಬೀಗದಕೈ, ಇನ್ನೊಬ್ಬರಿಗೆ ಬೀಗ. 2009ರ ಜೂನ್ 28ರಂದು ಹಾಕಿಂಗ್ ಕೇಂಬ್ರಿಜ್ಜಿನಲ್ಲಿ ಕಾಲಯಾತ್ರಿಕರಿಗೆ ಔತಣವಿಟ್ಟರು. ಆಮಂತ್ರಣವನ್ನು ಔತಣ ಮುಗಿದ ಮೇಲೆ ಹೊರಡಿಸಿದರು. ನಿನ್ನೆಗೆ ಬರಬಲ್ಲವರು ಮಾತ್ರ ಬರಲೆಂಬ ಉಪಾಯ. ಯಾರೂ ಬರಲಿಲ್ಲ. ಡಾಯ್ಚರ ಮಾತು ನಿಜವಾದರೆ ಅತಿಥಿಗಳು ಬಂದೇ ಇರಬಹುದು, ಪಕ್ಕದ ಲೋಕದ ಹಾಕಿಂಗರ ಮನೆಗೆ.

ಇವರಲ್ಲಿ ಯಾರ ಮಾತು ಸರಿಯೆಂದು ತೀರ್ಮಾನಿಸಬೇಕಾದರೆ ಐನ್‌ಸ್ಟೈನರ ಗುರುತ್ವ ಸಿದ್ಧಾಂತವೂ ಕ್ವಾಂಟಂ ಶಾಸ್ತ್ರವೂ ಒಂದೇ ಸೂತ್ರದಲ್ಲಿ ಕೂಡಬೇಕು. ಸುರಂಗದ ಬಾಯಿಯಲ್ಲಿ ಎರಡೂ ಒಟ್ಟಿಗೆ ದುಡಿಯುತ್ತವೆ. ಒಂದನ್ನು ಬಿಟ್ಟು ಇನ್ನೊಂದರಿಂದ ಲೆಕ್ಕ ಮಾಡಿದರೆ ಉತ್ತರ ನಂಬತಕ್ಕದ್ದಲ್ಲ. ಆ ಸೂತ್ರಕ್ಕಾಗಿ ವಿದ್ವಾಂಸರು ತಲೆಮಾರುಗಳಿಂದ ದುಡಿಯುತ್ತಿದ್ದಾರೆ, ಇನ್ನೂ ಕೈಗೆ ಬಂದಿಲ್ಲ. ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಗಣಿತದ ಮಾಸ್ತರರನ್ನು ಋಣಸಂಖ್ಯೆಯ ವರ್ಗಮೂಲದ ವಿಷಯ ಕೇಳಿ ಕೇಳಿ ಪೀಡಿಸುತ್ತಾನಂತೆ.